ಏಳನೆಯ ಫಾರಂ

ಎಲ್ಲರ ಕಣ್ಣುಗಳ ಹಿಂದೆ ನಿಂತು ನೋಡುವವನೂ ಯಾರ ಕಣ್ಣಿಗೂ ಬೀಳದವನೂ ಆದ ಸರ್ವಸಾಕ್ಷಿಗೆ ಮೊದಲ ನಮಸ್ಕಾರ. ಅಕ್ಷರಗಳಲ್ಲಿ ನೆಲೆಸಿ ಅಕ್ಷಯಳಾಗಿರುವ ವಾಗ್ದೇವಿಗೆ ಎರಡನೆಯದು. ಕಾಣದ್ದನ್ನು ಕಂಡೆನೆಂದು ಬರೆಯುವ ದೋಷದಿಂದಲೂ ಕಂಡದ್ದನ್ನು ಮುಚ್ಚಿಡುವ ದೋಷದಿಂದಲೂ ಅವರು ಈ ಲೇಖನಿಯನ್ನು ಕಾಯಲಿ.

ಗ್ರಂಥಾಲಯದ ಹಿಂಬದಿಯ ಬೀದಿಯಲ್ಲಿ ಒಂದು ಉದ್ದನೆಯ ಕೋಣೆಯಿತ್ತು. ಅದರ ಮುಂಭಾಗ ಬೈಂಡಿಂಗ್ ಅಂಗಡಿ, ಹಿಂಭಾಗ ಮನೆ, ನಡುವೆ ಒಂದು ಪರದೆ. ಅಂಗಡಿಯ ಭಾಗದಲ್ಲಿ ಕಬ್ಬಿಣದ ತಿರುಪಿನ ಒತ್ತುಯಂತ್ರ, ರಟ್ಟು ಕತ್ತರಿಸುವ ದೊಡ್ಡ ಕತ್ತಿ, ಅಂಟಿನ ಬಟ್ಟಲು, ಮೇಣದ ಉಂಡೆಗೆ ಚುಚ್ಚಿಟ್ಟ ಸೂಜಿಗಳು. ಕಿಟಕಿಗೆ ಮುಖಮಾಡಿ ಹೊಲಿಗೆಯ ಮರದ ಚೌಕಟ್ಟು. ಆ ಚೌಕಟ್ಟಿನ ಮುಂದೆ ಐವತ್ತೆರಡು ವರ್ಷಗಳಿಂದ ಒಬ್ಬರೇ ಬೈಂಡರು ಕುಳಿತಿದ್ದರು. ಗ್ರಂಥಾಲಯದಲ್ಲಿ ಹರಿದ ಪುಸ್ತಕವೆಲ್ಲ ಅವರ ಬಳಿಗೆ ಬಂದು ಹೊಸ ಬೆನ್ನು ಪಡೆದು ಹಿಂದಿರುಗುತ್ತಿತ್ತು.

ಅವರ ಮೊಮ್ಮಗನಿಗೆ ಹದಿನೈದು ವರ್ಷ. ಶಾಲೆಯಲ್ಲಿ ಅವನನ್ನು ಗುಮಾಸ್ತನೆಂದು ಕರೆಯುತ್ತಿದ್ದರು. ಯಾರು ಯಾವ ಹೊತ್ತಿಗೆ ಏನೆಂದರೆಂಬುದನ್ನು ಅವನು ಗೆರೆ ಹಾಕಿದ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಅವನು ಬರೆಯುತ್ತಿದ್ದದ್ದು ಬಹುಪಾಲು ಒಬ್ಬಳೇ ಹುಡುಗಿಯ ವಿಷಯ. ಅವಳೂ ಅದೇ ತರಗತಿಯವಳು. ಮೈ ಅಲುಗಿಸದೆ ಕತ್ತನ್ನಷ್ಟೇ ತಿರುಗಿಸಿ ರೆಪ್ಪೆ ಬಡಿಯದೆ ನೋಡುವ ಅಭ್ಯಾಸದಿಂದ ಅವಳಿಗೆ ಗೂಬೆಯೆಂಬ ಹೆಸರು ಬಂದಿತ್ತು. ಆ ಹೆಸರಿನಿಂದ ಅವಳಿಗೆ ಬೇಸರವಿರಲಿಲ್ಲ. ಅದು ಸರಿಯಾದ ವರ್ಣನೆಯೆಂದೇ ಅವಳ ಅಭಿಪ್ರಾಯ. ತರಗತಿಯ ಗಡಿಯಾರವನ್ನು ಪ್ರತಿದಿನ ಐದು ನಿಮಿಷ ಮುಂದಕ್ಕೆ ತಿರುಗಿಸುತ್ತಿದ್ದವರು ಸ್ವತಃ ಗಣಿತದ ಮೇಷ್ಟರೆಂದು ಅವಳು ಕಂಡುಹಿಡಿದಿದ್ದಳು. ಶಾಲೆಗೆ ಬರುತ್ತಿದ್ದ ಸೋಮವಾರದ ಪತ್ರಿಕೆ ಮಾತ್ರ ಏಕೆ ಕಾಣೆಯಾಗುತ್ತಿತ್ತೆಂಬುದನ್ನೂ ಬಿಡಿಸಿದ್ದಳು. ಬಿಡಿಸುವವಳು ಅವಳು, ಬರೆಯುವವನು ಇವನು.

ಒಂದು ಬುಧವಾರ ಮಧ್ಯಾಹ್ನ ಗ್ರಂಥಪಾಲಕಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ಎದೆಗವಚಿಕೊಂಡು ಅಂಗಡಿಗೆ ಬಂದರು. ಹುಡುಗರಿಬ್ಬರೂ ಆಗಷ್ಟೇ ಶಾಲೆಯಿಂದ ಬಂದು ರಟ್ಟಿನ ರಾಶಿಯ ಮೇಲೆ ಕುಳಿತಿದ್ದರು. ಗ್ರಂಥಪಾಲಕಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಅದು ಹಕ್ಕಿಗಳ ಹಳೆಯ ಚಿತ್ರಗ್ರಂಥದ ಮೊದಲ ಸಂಪುಟ. ಚಿತ್ರಗಳಿಗೆ ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಲಾಗಿತ್ತು. ಮೂರು ತಿಂಗಳ ಹಿಂದೆ ಬೈಂಡರು ಅದಕ್ಕೆ ಹೊಸ ಹೊಲಿಗೆ ಹಾಕಿ ಕೊಟ್ಟಿದ್ದರು.

"ಯಜಮಾನ್ರೇ, ಒಬ್ಬರು ಚಿತ್ರಕಲೆ ಮೇಷ್ಟ್ರು ಮಿಂಚುಳ್ಳಿ ಚಿತ್ರ ನೋಡ್ಬೇಕು ಅಂತ ಬಂದಿದ್ರು. ತೆಗೆದು ಕೊಟ್ಟೆ. ನೂರನೇ ಪುಟ ಆದ ಮೇಲೆ ನೂರ ಮೂರು."

"ಅಂದ್ರೆ?"

"ಅಂದ್ರೆ ಮಿಂಚುಳ್ಳಿ ಹಾರಿಹೋಗಿದೆ."

ಬೈಂಡರು ಪುಟಗಳ ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿದರು. "ನೀವು ಕೊಟ್ಟಿದ್ದೆಲ್ಲ ಹೊಲಿದು ಕೊಟ್ಟಿದೀನಿ, ಮೇಡಂ."

"ನಾನು ನಂಬ್ತೀನಿ. ಸಮಿತಿಯವರು ನಂಬಬೇಕಲ್ಲ. ನಿಮ್ಮ ಹತ್ರ ಬರೋಕೆ ಮುಂಚೆ ಆ ಚಿತ್ರಾನ ನಾನೇ ನೋಡಿ ಪಟ್ಟೀಲಿ ಗುರುತು ಹಾಕಿದೀನಿ. ನಿಮ್ಮಿಂದ ಬಂದ ಮೇಲೆ ಈ ಪುಸ್ತಕ ಕಪಾಟಿಂದ ಆಚೆ ಬಂದಿದ್ದು ಇದೇ ಮೊದಲು. ಶುಕ್ರವಾರ ಹತ್ತು ಗಂಟೆಗೆ ಸಭೆ ಇದೆ. ಅಷ್ಟರೊಳಗೆ ಹಾಳೆ ಸಿಗದಿದ್ರೆ ಪೊಲೀಸ್ನೋರಿಗೆ ಬರೆದು ಕೊಡ್ತಾರೆ. ಮತ್ತೆ ನಮ್ಮ ಪುಸ್ತಕ ಈ ಮೇಜಿಗೆ ಬರಲ್ಲ."

ಬೈಂಡರು ಅಂಟಿನ ಬಟ್ಟಲಿನ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದರು.

ಗೂಬೆ ಎದ್ದು ಬಂದಳು. "ಮೇಡಂ, ಒಂದು ಸಲ ನೋಡಲಾ?"

"ನೀನು ಯಾರು, ಪತ್ತೇದಾರಳಾ?"

"ಹೌದು" ಎಂದಳು ಗೂಬೆ.

ಗ್ರಂಥಪಾಲಕಿಗೆ ನಗು ಬಂತು. "ಕೈ ತೊಳೆದುಕೊಂಡು ಮುಟ್ಟು."

ಅವಳು ಕೈ ತೊಳೆದು ಒರೆಸಿಕೊಂಡು ಬಂದು ಚಿತ್ರವಿದ್ದ ಜಾಗವನ್ನು ತೆರೆದಳು. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹಾಳೆಗಳನ್ನು ಒಂದೊಂದಾಗಿ ಎತ್ತಿ ಬುಡದವರೆಗೆ ನೋಡಿದಳು. ನಡುವಿನ ದಾರವನ್ನು ಉಗುರಿನಿಂದ ಮುಟ್ಟಿದಳು. ಆಮೇಲೆ ಪುಸ್ತಕವನ್ನು ಮುಚ್ಚಿ, ಥ್ಯಾಂಕ್ಸ್ ಹೇಳಿ, ರಟ್ಟಿನ ರಾಶಿಗೆ ಮರಳಿದಳು. ಏನು ಕಂಡೆಯೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗ್ರಂಥಪಾಲಕಿ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಅಂದು ಸಂಜೆಯೂ ಗುರುವಾರ ಬೆಳಿಗ್ಗೆಯೂ ಬೈಂಡರು ಅಂಗಡಿಯನ್ನೆಲ್ಲ ತಡಕಿದರು. ಒತ್ತುಯಂತ್ರದ ಹಲಗೆಗಳ ನಡುವೆ, ಒಣಗಿಸುವ ಒತ್ತುಕಾಗದಗಳ ಕಟ್ಟಿನೊಳಗೆ, ಚೂರು ಕಾಗದದ ಬುಟ್ಟಿಯಲ್ಲಿ ಕೈ ಹಾಕಿ ಹುಡುಕಿದರು. ಗುಮಾಸ್ತನ ತಾಯಿ ಪರದೆಯನ್ನು ಸರಿಸಿ ನಿಂತಳು.

"ಮಾವ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

"ತಿಂದ್ರೆ ಹಾಳೆ ಸಿಗುತ್ತೇನಮ್ಮಾ?"

"ತಿನ್ನದಿದ್ರೂ ಸಿಗಲ್ಲ."

"ಐವತ್ತೆರಡು ವರ್ಷದಲ್ಲಿ ಒಂದು ಚೂರು ಕಾಗದ ಅಲ್ಲಿಂದ ಇಲ್ಲಿಗೆ ಆಗಿಲ್ಲ. ಈಗ ಈ ವಯಸ್ಸಲ್ಲಿ ಕಳ್ಳ ಅನ್ನಿಸಿಕೊಂಡು ಸಾಯಬೇಕು. ಕೆಲಸ ಹೋದ್ರೆ ಹೋಗ್ಲಿ, ಹೆಸರು ಹೋಗಬಾರದು" ಎಂದು ಅವರು ಬುಟ್ಟಿಯನ್ನು ಮತ್ತೊಮ್ಮೆ ನೆಲಕ್ಕೆ ಸುರಿದರು.

ಶಾಲೆ ಬಿಟ್ಟ ಮೇಲೆ ಗುಮಾಸ್ತನು ಗೂಬೆಯನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರಿಸಿ ನೋಟು ಪುಸ್ತಕವನ್ನು ತೆರೆದನು.

"ನಿನ್ನೆಯಿಂದ ಬಾಯಿ ಬಿಟ್ಟಿಲ್ಲ ನೀನು. ಏನು ಕಂಡೆ, ಹೇಳು."

"ಮೊದಲು ನೀನು ಹೇಳು. ಒಂದು ಫಾರಂ ಅಂದ್ರೆ ಎಷ್ಟು ಹಾಳೆ?"

"ಎಂಟು. ಹದಿನಾರು ಪುಟ. ಎರಡೆರಡು ಹಾಳೆ ಒಂದು ಜೋಡಿ, ಮಡಿಸಿರೋ ಕಾಗದ. ನಾಲ್ಕು ಜೋಡಿನ ಒಂದರೊಳಗೆ ಒಂದು ಇಟ್ಟು ನಡುಮಡಿಕೇಲಿ ಹೊಲಿಯೋದು. ಇದು ನನಗೆ ಅಆಇಈಗಿಂತ ಮುಂಚೆ ಗೊತ್ತು."

"ಮಿಂಚುಳ್ಳಿ ಇರೋದು ಏಳನೇ ಫಾರಮ್ಮಿನ ಮೂರನೇ ಹಾಳೆ. ಅದರ ಜೋಡಿ ಯಾವುದು?"

"ಆರನೇದು."

"ಮೂರನೇದನ್ನ ಯಾರೋ ಬ್ಲೇಡಲ್ಲಿ ಕುಯ್ದ್ರೆ?"

"ಬುಡದಲ್ಲಿ ಒಂದು ತುಂಡು ಉಳಿಯುತ್ತೆ. ತುಂಡೂ ಬಿಡದೆ ಕಿತ್ರೆ ಆರನೇದು ಹಿಡಿತ ಇಲ್ಲದೆ ಕೈಗೇ ಬರುತ್ತೆ."

"ತುಂಡು ಇಲ್ಲ. ಆರನೇದು ಕೈಗೆ ಬರಲಿಲ್ಲ. ಯಾಕಂದ್ರೆ ಅದೂ ಇಲ್ಲ. ನೂರ ಆರು ಆದ ಮೇಲೆ ನೂರ ಒಂಬತ್ತು."

ಗುಮಾಸ್ತನು ಬರೆಯುವುದನ್ನು ನಿಲ್ಲಿಸಿದನು. "ಅದನ್ನ ಮೇಡಂ ನೋಡೇ ಇಲ್ಲವಾ?"

"ಹಿಂದೆ ಮುಂದೆ ಇರೋ ಪುಟ ನೋಡಿದ್ರೆ ಅಲ್ಲಿದ್ದಿದ್ದು ಕೊಕ್ಕು, ರೆಕ್ಕೆ, ಬಾಲ ಎಷ್ಟೆಷ್ಟು ಉದ್ದ ಅನ್ನೋ ಪಟ್ಟಿ. ಅದಿಲ್ಲ ಅಂತ ಯಾರು ಅಳ್ತಾರೆ? ಬರೆದವನ ಹೆಂಡತಿಯೂ ಓದಿರಲ್ಲ."

ಇಲ್ಲದಿರುವುದನ್ನು ಅರಿಯುವುದೂ ಅರಿವಿನ ಒಂದು ದಾರಿಯೆಂದು, ಅದಕ್ಕೆ ಅನುಪಲಬ್ಧಿಯೆಂಬ ಹೆಸರಿಟ್ಟು, ಹಿಂದಿನ ಮೀಮಾಂಸಕರು ಬಹಳ ವಾದ ಮಾಡಿದ್ದಾರೆ. ಈ ಹುಡುಗಿ ಅವರನ್ನು ಓದಿದವಳಲ್ಲ. ಆದರೆ ಎಲ್ಲರೂ ಇಲ್ಲವೆಂದು ಬಲ್ಲ ಒಂದು ಹಾಳೆಯ ಪಕ್ಕದಲ್ಲಿ, ಇಲ್ಲವೆಂದು ಯಾರೂ ಅರಿಯದ ಇನ್ನೊಂದನ್ನು ಅವಳು ಕಂಡಿದ್ದಳು.

"ದಾರ ಹೊಸದು. ಎಲ್ಲೂ ಗಂಟು ಬಿಚ್ಚಿಲ್ಲ, ತುಂಡಾಗಿಲ್ಲ" ಎಂದು ಅವಳು ಮುಂದುವರಿಸಿದಳು. "ಜೋಡಿಗೆ ಜೋಡಿ ಹೋಗಬೇಕು ಅಂದ್ರೆ ಹೊಲಿಯೋಕೆ ಮುಂಚೆನೇ ಹೋಗಿರಬೇಕು."

"ಹೊಲಿಯೋಕೆ ಮುಂಚೆ ಪುಸ್ತಕ ನಮ್ಮ ಅಂಗಡೀಲಿತ್ತು."

"ಹೌದು."

"ಅಂದ್ರೆ ನನ್ನ ತಾತನ್ನ ಕಳ್ಳ ಅಂತಿದೀಯ."

"ಹೊಲಿಯೋಕೆ ಮುಂಚೆ ಹೋಗಿದೆ ಅಂದೆ, ಅಷ್ಟೇ."

"ನಮ್ಮನೇಲೇ ಕೂತು, ನಮ್ಮಮ್ಮ ಕೊಟ್ಟ ಟೀ ಕುಡಿದು, ಈ ಮಾತು ಹೇಳ್ತೀಯಲ್ಲ ನೀನು? ಸಮಿತಿಯವರು ಇಷ್ಟೊಂದು ಓದಿಲ್ಲ, ಪುಣ್ಯ. ನೀನು ಹೋಗಿ ಅವರಿಗೆ ಪಾಠ ಮಾಡು."

"ಟೀಗೂ ದಾರಕ್ಕೂ ಸಂಬಂಧ ಇಲ್ಲ ಕಣೋ. ಕೂತ್ಕೋ."

ಅವನು ಕೂರಲಿಲ್ಲ. ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋಗಿ ಸೈಕಲ್ ನಿಲ್ಲಿಸುವ ಕಂಬಕ್ಕೆ ಒರಗಿ ನಿಂತನು. ಗೂಬೆ ಅಲ್ಲಿಂದಲೇ, ದನಿಯನ್ನು ಏರಿಸದೆ ಮಾತಾಡಿದಳು.

"ನಿನ್ನ ತಾತ ಕದಿಯೋ ಹಾಗಿದ್ರೆ ಮಿಂಚುಳ್ಳಿ ಒಂದನ್ನೇ ತೆಗೆದು, ಉಳಿದ ಹಾಳೆಗೆ ತೆಳು ಕಾಗದದ ಪಟ್ಟಿ ಅಂಟಿಸಿ ಹೊಲಿಯೋರು. ಯಾರಿಗೂ ಗೊತ್ತಾಗ್ತಿರಲಿಲ್ಲ. ಐವತ್ತೆರಡು ವರ್ಷದ ಕೈ ಅದು. ಮುಚ್ಚೋ ಕೆಲಸ ಏನೂ ಮಾಡಿಲ್ಲ. ಹಾಳೆ ಹೋಗಿದ್ದು ಅವರಿಗೇ ಗೊತ್ತಿಲ್ಲ."

ಗುಮಾಸ್ತನು ನಿಧಾನವಾಗಿ ಹಿಂದಿರುಗಿ ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತನು.

"ಸರಿ. ಮತ್ತೆ ಎಲ್ಲಿ ಹೋಯ್ತು?"

"ಅದನ್ನ ನೀನು ಹೇಳಬೇಕು. ಒಂದೇ ಒಂದು ಜೋಡಿ ಫಾರಮ್ಮಿಂದ ಆಚೆ ಯಾಕೆ ಬರುತ್ತೆ?"

"ಮಡಿಕೆ ಹರಿದಿದ್ರೆ. ತಾತ ಅದನ್ನ ಆಚೆ ತೆಗೆದು, ಮಡಿಕೆಗೆ ತೆಳು ಕಾಗದ ಅಂಟಿಸಿ, ಒತ್ತುಕಾಗದದ ಮಧ್ಯೆ ಒಂದು ದಿನ ಒಣಗಿಸ್ತಾರೆ. ಆಮೇಲೆ ಪುಟದ ನಂಬರ್ ನೋಡಿ ಅದರ ಜಾಗಕ್ಕೆ ವಾಪಸ್ ಇಡ್ತಾರೆ."

"ಆಗ ಅಂಗಡೀಲಿ ಬೇರೆ ಯಾವ ಪುಸ್ತಕ ಇತ್ತು?"

ಗುಮಾಸ್ತನು ನೋಟು ಪುಸ್ತಕವನ್ನು ಹಿಂದಕ್ಕೆ ತಿರುವಿದನು. ಮೂರು ತಿಂಗಳ ಹಿಂದಿನ ಪುಟ ಸಿಕ್ಕಿತು. ಬೆರಳಿಟ್ಟು ಓದುತ್ತಾ ಬಂದವನು ಒಂದು ಸಾಲಿನಲ್ಲಿ ನಿಂತನು. "ಹಕ್ಕಿ ಪುಸ್ತಕ ಎರಡೂ ಸಂಪುಟ ಒಟ್ಟಿಗೆ ಬಂದವು. ಎರಡನ್ನೂ ಒಟ್ಟಿಗೇ ಬಿಚ್ಚಿದ್ರು. ಒಂದೇ ಅಳತೆ, ಒಂದೇ ಕಾಗದ."

"ಎರಡರಲ್ಲೂ ನೂರ ಒಂದನೇ ಪುಟ ಇರುತ್ತೆ" ಎಂದಳು ಗೂಬೆ.

ಗುಮಾಸ್ತನು ಇಲ್ಲವೆಂಬಂತೆ ತಲೆಯಾಡಿಸಿದನು.

"ಇಲ್ಲ ಕಣೇ. ಪುಟದ ಮೂಲೇಲಿ ಸಂಪುಟದ ನಂಬರ್ ಇರುತ್ತೆ. ಸಣ್ಣಕ್ಷರ, ಆದ್ರೂ ಇರುತ್ತೆ. ತಾತ ಅದನ್ನ ನೋಡದೆ ಇಡೋರಲ್ಲ."

ಗೂಬೆ ಕೈ ಚಾಚಿ ನೋಟು ಪುಸ್ತಕವನ್ನು ತನ್ನ ತೊಡೆಯ ಮೇಲೆಳೆದುಕೊಂಡು ಅದೇ ವಾರದ ಸಾಲುಗಳನ್ನು ಮೆಲ್ಲಗೆ ಓದಿದಳು. "ಸೋಮವಾರ. ತಾತನಿಗೆ ಹದಿನಾಲ್ಕು ಸೂಜಿಗೆ ದಾರ ಪೋಣಿಸಿ ಇಟ್ಟು ಶಾಲೆಗೆ ಹೋದೆ. ಮಂಗಳವಾರ. ಔಷಧಿ ಶೀಶೆ ಮೇಲೆ ಏನಿದೆ ಓದು ಅಂದ್ರು, ಓದಿದೆ. ಗುರುವಾರ. ಹದಿನಾರು ಸೂಜಿ. ಪತ್ರಿಕೇಲಿ ದಪ್ಪಕ್ಷರದ ಸುದ್ದಿ ಮಾತ್ರ ಸಾಕು ಅಂತಾರೆ, ಕಾಲ ಕೆಟ್ಟಿದೆಯಂತೆ." ಅವಳು ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು. "ಎಲ್ಲಾ ಬರೆದಿದೀಯ. ಓದಿಲ್ಲ."

ವರ್ಷದಿಂದಲೂ ಪ್ರೀತಿಯ ಸೇವೆಯೆಂದುಕೊಂಡು ತಾನು ಪೋಣಿಸಿದ ದಾರಗಳೆಲ್ಲ ಏನನ್ನು ಮುಚ್ಚುತ್ತಿದ್ದವೆಂದು ಅವನಿಗೆ ಆಗ ಅರ್ಥವಾಯಿತು.

"ಹಾಳೆ ಸಿಕ್ಕಿದ್ರೆ ಸಾಕಲ್ವಾ? ಕಣ್ಣಿನ ವಿಷಯ ಯಾಕೆ ಹೇಳಬೇಕು? ಕಣ್ಣು ಕಾಣದ ಬೈಂಡರಿಗೆ ಯಾರು ಪುಸ್ತಕ ಕೊಡ್ತಾರೆ?"

"ನಾನಾಗಿ ಹೇಳಲ್ಲ" ಎಂದಳು ಗೂಬೆ. "ನನ್ನನ್ನ ಕೇಳಿದ್ರೆ ಸುಳ್ಳು ಹೇಳಲ್ಲ."

ಅವರು ಒಳಗೆ ಹೋಗಿ ಎರಡನೆಯ ಸಂಪುಟವನ್ನು ಕೇಳಿದರು. ಗ್ರಂಥಪಾಲಕಿ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ, "ಕಳೆದಿರೋದು ಒಂದರಲ್ಲಿ, ಹುಡುಕೋದು ಇನ್ನೊಂದರಲ್ಲಾ?" ಎಂದು ಕೇಳಿದರೂ ಎದ್ದು ಹೋಗಿ ತಂದರು. ಗೂಬೆ ಏಳನೆಯ ಫಾರಂ ತೆರೆದು ಎಣಿಸಿದಳು. ಎಂಟು ಇರಬೇಕಾದಲ್ಲಿ ಹತ್ತು ಹಾಳೆಗಳಿದ್ದವು. ನೂರ ಒಂದು ಎರಡು ಬಾರಿ ಬಂದಿತ್ತು. ಒಂದರ ಮೇಲೆ ಮರಕುಟಿಗ. ಇನ್ನೊಂದರ ಮೇಲೆ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ, ನೀಲಿಯೂ ಕಿತ್ತಳೆಯೂ ಮಾಸದೆ, ಮಿಂಚುಳ್ಳಿ ಕುಳಿತಿತ್ತು.

ಗ್ರಂಥಪಾಲಕಿ ಬಹಳ ಹೊತ್ತು ಅದನ್ನೇ ನೋಡಿದರು. "ಮೂರು ತಿಂಗಳು ಪಕ್ಕದ ಪುಸ್ತಕದಲ್ಲೇ ಇತ್ತಲ್ಲ. ನಾನು ಅವರಿಗೆ ಎಂಥ ಮಾತಾಡಿಬಿಟ್ಟೆ" ಎಂದು, ಜವಾನನನ್ನು ಹಿಂದಿನ ಬೀದಿಗೆ ಕಳಿಸಿದರು.

ಬೈಂಡರು ಅಂಟು ಒಣಗಿದ ಕೈಗಳಲ್ಲೇ ಬಂದರು. ಚಿತ್ರವನ್ನು ಅವರ ಮುಂದಿಟ್ಟಾಗ ಅವರು ತಲೆಯನ್ನು ಓರೆಮಾಡಿ, ಕಣ್ಣಂಚಿನಿಂದ ನೋಡಿದರು. ಮಡಿಕೆಯ ಮೇಲೆ ಬೆರಳಿಟ್ಟು ತಾವೇ ಅಂಟಿಸಿದ ತೆಳು ಕಾಗದವನ್ನು ಗುರುತಿಸಿದರು.

"ನನ್ನನ್ನ ಕ್ಷಮಿಸಿ, ಯಜಮಾನ್ರೇ" ಎಂದರು ಗ್ರಂಥಪಾಲಕಿ. "ಸಮಿತಿಗೆ ನಾನೇ ಹೇಳ್ತೀನಿ. ಆದ್ರೆ ಹೇಗಾಯ್ತು ಅಂತ ಕೇಳ್ತಾರೆ. ಏನು ಹೇಳ್ಲಿ?"

"ನಾನು ಮಾಡಿದ್ದು, ಮೇಡಂ" ಎಂದು ಗುಮಾಸ್ತನು ಥಟ್ಟನೆ ಹೇಳಿದನು. "ಒಣಗಿದ ಜೋಡಿಗಳನ್ನ ವಾಪಸ್ ಇಟ್ಟಿದ್ದು ನಾನು. ಆ ದಿನ ತಾತನಿಗೆ ಹುಷಾರಿರಲಿಲ್ಲ. ಸಂಪುಟದ ನಂಬರ್ ನಾನು ನೋಡಲಿಲ್ಲ. ತಪ್ಪು ನನ್ನದು."

ಗ್ರಂಥಪಾಲಕಿ ಗೂಬೆಯ ಕಡೆಗೆ ತಿರುಗಿದರು. ಗೂಬೆ ಕಿಟಕಿಯ ಕಡೆಗೆ ತಿರುಗಿದಳು. ಅವಳನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಮೊದಲೇ ಬೈಂಡರು ಮಾತಾಡಿದರು.

"ಇವನಿಗೆ ಸುಳ್ಳು ಹೇಳೋಕೆ ಬರಲ್ಲ, ಮೇಡಂ. ಬರೆದುಕೊಂಡು ಬಂದು ಓದಿದ ಹಾಗಿರುತ್ತೆ. ಇವನು ಆ ವಾರ ಪರೀಕ್ಷೆ ಅಂತ ನನ್ನ ಮೇಜಿನ ಹತ್ರಾನೂ ಬಂದಿಲ್ಲ. ಸೂಜಿ ಪೋಣಿಸಿ ಇಟ್ಟು ಓಡ್ತಿದ್ದ."

"ತಾತ..."

"ಸುಮ್ನಿರು ಮಗೂ. ಕಳ್ಳ ಅಲ್ಲ ಅಂತ ಆಯ್ತಲ್ಲ, ಇನ್ನು ಸುಳ್ಳುಗಾರನೂ ಆಗೋದು ಬೇಡ ನನಗೆ." ಅವರು ಗ್ರಂಥಪಾಲಕಿಯ ದನಿ ಬಂದ ಕಡೆಗೆ ಮುಖ ಮಾಡಿದರು. "ಕಣ್ಣಿನ ಮಧ್ಯೆ ಒಂದು ಮಸುಕು ಬಂದು ಕೂತಿದೆ. ಸುತ್ತಮುತ್ತ ಎಲ್ಲಾ ಕಾಣುತ್ತೆ, ನೋಡಬೇಕು ಅಂದುಕೊಂಡಿದ್ದು ಕಾಣಲ್ಲ. ಈಗ ನಿಮ್ಮನ್ನ ನೋಡಿದ್ರೆ ಎರಡು ಕಿವಿ ಇವೆ, ಮಧ್ಯೆ ಮೇಡಂ ಇಲ್ಲ."

ಗ್ರಂಥಪಾಲಕಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಕಣ್ಣಿನ ಡಾಕ್ಟ್ರು ಹೋದ ವರ್ಷನೇ ಹೇಳಿದ್ರು, ಕನ್ನಡಕ ಇದಕ್ಕೆ ನಾಟಲ್ಲ ಅಂತ. ಮನೇಲೂ ಹೇಳಿಲ್ಲ. ಪುಟದ ನಂಬರ್ ದಪ್ಪಕ್ಷರ, ಹೇಗೋ ಓರೆ ಮಾಡಿ ಓದ್ತಿದ್ದೆ. ಮೂಲೇಲಿರೋದು ಕಾಣಲಿಲ್ಲ. ಚಿತ್ರ ಕೈಗೆ ಬಂದಾಗ ಹಕ್ಕಿ ಇತ್ತು. ಎರಡು ಪುಸ್ತಕದಲ್ಲೂ ಹಕ್ಕಿನೇ ತಾನೆ. ಫಾರಂ ಎಣಿಸಿದೆ, ಸರಿ ಇತ್ತು. ಫಾರಮ್ಮಿನ ಒಳಗೆ ಜೋಡಿ ಎಣಿಸಬೇಕಿತ್ತು. ಹೆಬ್ಬೆರಳಿಗೆ ಗೊತ್ತಾಗುತ್ತೆ ಅಂತ ಬಿಟ್ಟೆ. ಹೆಬ್ಬೆರಳಿಗೂ ವಯಸ್ಸಾಗಿದೆ. ಇದನ್ನೇ ಸಮಿತಿಗೆ ಹೇಳಿ."

"ಹೇಳಿದ್ರೆ ನಿಮಗೆ ಪುಸ್ತಕ ಕಳಿಸೋದು ಕಷ್ಟ ಆಗುತ್ತೆ."

"ಕಳಿಸಬೇಡಿ. ಮುಂದಿನ ಸಲ ಯಾವ ಹಾಳೆ ಎಲ್ಲಿ ಹೋಗುತ್ತೋ. ಇವೆರಡನ್ನ ಮಾತ್ರ ನಾನೇ ಸರಿ ಮಾಡಿ ಕೊಡ್ತೀನಿ, ಅದಕ್ಕೆ ಬಿಡಿ."

ಶುಕ್ರವಾರ ಸಮಿತಿಯವರು ಸೇರಿ, ಕೇಳಿ, ಕಡತವನ್ನು ಮುಚ್ಚಿದರು. ಪೊಲೀಸರಿಗೆ ಬರೆಯುವ ಮಾತು ಬಿದ್ದುಹೋಯಿತು. ಶನಿವಾರ ಬೆಳಿಗ್ಗೆ ಎರಡು ಸಂಪುಟಗಳೂ ಹೊಲಿಗೆಯ ಚೌಕಟ್ಟಿನ ಮೇಲೆ ಬಂದವು. ಏಳನೆಯ ಫಾರಂಗಳನ್ನು ಬಿಚ್ಚಿ, ಗುಮಾಸ್ತನು ಒಂದೊಂದು ಹಾಳೆಯ ಸಂಪುಟವನ್ನೂ ಪುಟವನ್ನೂ ಗಟ್ಟಿಯಾಗಿ ಓದಿದನು. ಗೂಬೆ ಅದನ್ನು ಎರಡನೆಯ ಬಾರಿ ಓದಿದಳು. ಬೈಂಡರು ಕಣ್ಣು ಮುಚ್ಚಿಕೊಂಡು ಹೊಲಿದರು. ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಪರದೆಯ ಬಳಿ ನಿಂತಿದ್ದ ಸೊಸೆ, "ಒಂದು ವರ್ಷ ನನಗೂ ಹೇಳಲಿಲ್ಲ ನೋಡಿ, ಮಾವ" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈಂಡರ ಸೂಜಿ ಒಂದು ಕ್ಷಣ ನಿಂತು ಮತ್ತೆ ನಡೆಯಿತು.

ಪುಸ್ತಕಗಳನ್ನು ಒಯ್ಯಲು ಬಂದ ಗ್ರಂಥಪಾಲಕಿ ಎರಡರ ಬೆನ್ನನ್ನೂ ಸವರಿ ನೋಡಿ, ಹೊರಡದೆ ನಿಂತರು.

"ಯಜಮಾನ್ರೇ, ನಮಗೆ ವರ್ಷಕ್ಕೆ ಇನ್ನೂರು ಖಾಲಿ ಪುಸ್ತಕ ಬೇಕಾಗುತ್ತೆ. ಓದೋರು ಬಂದು ಸಹಿ ಹಾಕೋದಕ್ಕೆ, ಮಕ್ಕಳು ಚಿತ್ರ ಬರೆಯೋದಕ್ಕೆ. ಹೊರಗಿಂದ ತರಿಸ್ತೀವಿ, ಆರು ತಿಂಗಳಿಗೆ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ಪುಟದ ನಂಬರ್ ಇರಲ್ಲ, ಸಂಪುಟ ಇರಲ್ಲ, ಹಕ್ಕಿನೂ ಇರಲ್ಲ. ಸಮಿತಿಯವರನ್ನ ಕೇಳಿದೀನಿ. ನೀವು ಹೊಲಿದು ಕೊಡ್ತೀರಾ?"

ಬೈಂಡರು ಸೂಜಿಯನ್ನು ಮೇಣಕ್ಕೆ ಚುಚ್ಚಿಟ್ಟರು. ದೊಡ್ಡ ವಿದ್ವಾಂಸರ ಗ್ರಂಥಗಳಿಗೆ ಬೆನ್ನು ಕಟ್ಟಿದ ಕೈಗಳು ಅವು.

"ಏನೂ ಬರೆಯದ ಪುಸ್ತಕದಲ್ಲಿ ಹಾಳೆ ಅದಲುಬದಲು ಮಾಡೋಕೆ ನನ್ನಿಂದಲೂ ಆಗಲ್ಲ" ಎಂದರು. "ಕಾಗದ ಕಳಿಸಿ. ಒಳ್ಳೇ ದಾರ ಹಾಕ್ತೀನಿ."

ಗ್ರಂಥಪಾಲಕಿ ಹೋದ ಮೇಲೆ ಅವರು ರಟ್ಟಿನ ರಾಶಿಯ ಮೇಲಿದ್ದ ಇಬ್ಬರನ್ನೂ ಎಬ್ಬಿಸಿ, ಖಾಲಿ ಪುಸ್ತಕಗಳಿಗೆ ಅಳತೆ ಗುರುತಿಸಲು ಜಾಗ ಮಾಡಿಕೊಂಡರು.

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ, ಪಕ್ಕದಲ್ಲಿ ಕುಳಿತು ಅರ್ಧವಷ್ಟೇ ಕಿವಿಗೆ ಹಾಕಿಕೊಂಡವರಿಗೂ ಕ್ಷೇಮವಾಗಲಿ. ಅವರ ಹೆಸರಿಗೆ ಕಳಂಕ ಬಾರದಿರಲಿ; ಬಂದರೆ ಅದನ್ನು ತೊಡೆಯಲು ಸುಳ್ಳಿನ ನೆರವು ಬೇಡದಿರಲಿ. ದೇಹ ಸೋತ ದಿನವೂ ಅವರ ಕೈಗೆ ಒಂದು ಕೆಲಸವಿರಲಿ, ಆ ಕೆಲಸದಲ್ಲಿ ದೇವರ ದಯೆಯಿರಲಿ.